ಬೆಡ್‌ಫರ್ಡ್‌ಶೈರ್: ಒಂದು ಮೀನುಗಾರಿಕೆ ಹಡಗಿನ ಯುದ್ಧಸೇವೆ

ಎಚ್‌ಎಂಟಿ (ಹಿಸ್ ಮೆಜೆಸ್ಟೀಸ್ ಟ್ರಾಲರ್, ಅಂದರೆ ಬ್ರಿಟನ್ನಿನ ನೌಕಾಪಡೆಗೆ ಸೇರಿದ, ಬಲೆ ಎಳೆಯುವ ಮೀನುಗಾರಿಕೆ ಹಡಗು) ಬೆಡ್‌ಫರ್ಡ್‌ಶೈರ್ ಶತ್ರುವಿನ ಒಂದು ಸಬ್‌ಮರೀನನ್ನೂ ಮುಳುಗಿಸಲಿಲ್ಲ. 1942ರ ಮೇ 11ರ ರಾತ್ರಿ, ಅಮೆರಿಕದ ನಾರ್ತ್ ಕೆರೊಲಿನಾ ಕರಾವಳಿಯಾಚೆ, ಟಾರ್ಪಿಡೊ (ನೀರಿನೊಳಗೆ ಓಡಿಬಂದು ಸಿಡಿಯುವ ಬಾಂಬು) ಏಟಿಗೆ ಅದೇ ಮುಳುಗಿತು. ಹಡಗಿನಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಏನಾಯಿತು ಅಂತ ಹೇಳಲು ಯಾರೂ ಉಳಿದಿರಲಿಲ್ಲ. ಎರಡು ದಿನ ಕಳೆದ ಮೇಲೆ ಒಂದು ಸಣ್ಣ ದ್ವೀಪದ ದಡಕ್ಕೆ ತೇಲಿಬಂದ ದೇಹಗಳೇ ಆ ಸುದ್ದಿಯನ್ನು ತಂದವು.

ಲೆಕ್ಕದ ಪುಸ್ತಕದಲ್ಲಿ ಇದು ಒಂದು ಸಾಲು. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಹಡಗು ಮುಳುಗಿವೆ, ಅವುಗಳಲ್ಲಿ ಇದೂ ಒಂದು. ಆದರೆ ಈ ಒಂದು ಹಡಗಿನ ಹಿಂದೆ ಹೋದರೆ ಎಷ್ಟೋ ವಿಷಯ ಬಿಚ್ಚಿಕೊಳ್ಳುತ್ತದೆ. ಮೀನು ಹಿಡಿಯುವ ಹಡಗು ಯುದ್ಧಕ್ಕೆ ಯಾಕೆ ಹೋಯಿತು? ಇಂಗ್ಲೆಂಡಿನ ಹಡಗು ಅಮೆರಿಕದ ಕರಾವಳಿ ಕಾಯಲು ಯಾಕೆ ಹೋಗಬೇಕಾಯಿತು? ಬೇಟೆಗೆ ಹೋದದ್ದೇ ಬೇಟೆಯಾಗಿದ್ದು ಹೇಗೆ? ನನ್ನ ಮಟ್ಟಿಗೆ ಇದು ಧೈರ್ಯದ ಕಥೆಯಷ್ಟೇ ಅಲ್ಲ. ಒಳ್ಳೆಯ ಹಡಗನ್ನೂ ಒಳ್ಳೆಯ ಜನರನ್ನೂ ತಪ್ಪು ರೀತಿಯ ಕೆಲಸಕ್ಕೆ ಹಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಇದು ಸ್ಪಷ್ಟ ಉದಾಹರಣೆ.

ಗ್ರಿಮ್ಸ್‌ಬಿಯಿಂದ ನೌಕಾಪಡೆಗೆ

ಮೊದಲು ಹಡಗನ್ನು ನೋಡೋಣ. ಟ್ರಾಲರ್ ಅಂದ ತಕ್ಷಣ ನಮಗೆ ಮಲ್ಪೆ, ಮಂಗಳೂರು ಬಂದರಿನಲ್ಲಿ ಒಂದಕ್ಕೊಂದು ತಾಗಿ ನಿಲ್ಲುವ ಮರದ ಬೋಟುಗಳು ನೆನಪಾಗುತ್ತವೆ. ಇದು ಅದಕ್ಕಿಂತ ಬಹಳ ದೊಡ್ಡದು. 1935ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಟೀಸ್ ನದಿಯ ದಡದ ಮಿಡಲ್ಸ್‌ಬರೋ ಹತ್ತಿರ, ಸ್ಮಿತ್ಸ್ ಡಾಕ್ ಎಂಬ ಕಂಪನಿ ಇದನ್ನು ಕಟ್ಟಿತು. ಉಕ್ಕಿನ ಹಡಗು. ಉದ್ದ 162 ಅಡಿ, ಒಳಗಿನ ಗಾತ್ರದ ಲೆಕ್ಕದಲ್ಲಿ 443 ಟನ್. ಕಲ್ಲಿದ್ದಲು ಉರಿಸಿ ಉಗಿಯಲ್ಲಿ ಓಡುತ್ತಿತ್ತು. ಗ್ರಿಮ್ಸ್‌ಬಿ ಬಂದರಿನಿಂದ ಮೀನಿಗೆ ಹೋಗುತ್ತಿತ್ತು. ಆಗ ಗ್ರಿಮ್ಸ್‌ಬಿಯ ದೊಡ್ಡ ಟ್ರಾಲರ್‌ಗಳು ಐಸ್‌ಲ್ಯಾಂಡ್‌ನ ನೀರಿಗೂ ಅದಕ್ಕಿಂತ ಉತ್ತರದ ಹಿಮದ ಸಮುದ್ರಕ್ಕೂ ಹೋಗಿ ವಾರಗಟ್ಟಲೆ ಬಲೆ ಎಳೆಯುತ್ತಿದ್ದವು. ಹೆಸರು ಬಂದದ್ದು ಬೆಡ್‌ಫರ್ಡ್‌ಶೈರ್ ಎಂಬ ಇಂಗ್ಲಿಷ್ ಜಿಲ್ಲೆಯಿಂದ. ಆ ಜಿಲ್ಲೆಗೆ ಸಮುದ್ರವೇ ಇಲ್ಲ!

ಬ್ರಿಟನ್ನಿನ ನೌಕಾ ಇಲಾಖೆ ಯುದ್ಧದ ಹೊಸ್ತಿಲಲ್ಲಿ, 1939ರ ಆಗಸ್ಟಿನಲ್ಲಿ, ಈ ಹಡಗನ್ನು ಕೊಂಡುಕೊಂಡಿತು. ಇದೊಂದನ್ನೇ ಅಲ್ಲ, ಇಂಥ ಟ್ರಾಲರ್‌ಗಳನ್ನು ರಾಶಿ ರಾಶಿ ತೆಗೆದುಕೊಂಡಿತು. ಅದಕ್ಕೆ ಕಾರಣ ಇತ್ತು. ಚಳಿಗಾಲದ ಉತ್ತರ ಸಮುದ್ರದಲ್ಲಿ ಬಲೆ ಎಳೆಯುವ ಹಡಗು ಎಂಥ ಅಲೆಗೂ ಮಗುಚದ ಹಾಗೆ ಕಟ್ಟಿರುತ್ತಾರೆ. ಭಾರ ಎಳೆಯುವ ಗಟ್ಟಿ ವಿಂಚ್ ಇರುತ್ತದೆ. ನೀರಿನಲ್ಲಿ ಉದ್ದದ ತಂತಿ ಬಿಟ್ಟು ಸ್ಫೋಟಕ ಮೈನ್‌ಗಳನ್ನು ಕಿತ್ತುಹಾಕುವ ಕೆಲಸಕ್ಕೂ ಬಲೆ ಎಳೆಯುವ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಡಗನ್ನು ನಡೆಸಲು ಬಲ್ಲ ಮೀನುಗಾರರು ತಯಾರಿದ್ದರು.

ಬೆಡ್‌ಫರ್ಡ್‌ಶೈರ್‌ಗೆ ಸಬ್‌ಮರೀನ್ ಬೇಟೆಯ ಕೆಲಸ ಬಂತು. ಮುಂದುಗಡೆ ಒಂದು 4 ಇಂಚಿನ ತೋಪು ಕೂರಿಸಿದರು. ಒಂದು ಲೂಯಿಸ್ ಮಷಿನ್ ಗನ್ ಕೊಟ್ಟರು. ಹಿಂಭಾಗದಲ್ಲಿ ಡೆಪ್ತ್ ಚಾರ್ಜ್‌ಗಳನ್ನು ಜೋಡಿಸಿದರು. ಡೆಪ್ತ್ ಚಾರ್ಜ್ ಅಂದರೆ ನೋಡಲು ಎಣ್ಣೆ ಪೀಪಾಯಿಯಂತೆ ಇರುವ ಬಾಂಬು. ಎಷ್ಟು ಆಳದಲ್ಲಿ ಸಿಡಿಯಬೇಕು ಅಂತ ಮೊದಲೇ ಗುರುತು ಮಾಡಿ ನೀರಿಗೆ ಉರುಳಿಸುತ್ತಾರೆ. ಆ ಆಳದ ನೀರಿನ ಒತ್ತಡವೇ ಅದನ್ನು ಸಿಡಿಸುತ್ತದೆ. ಹಡಗಿನ ತಳದಲ್ಲಿ ಆಸ್ಡಿಕ್ ಎಂಬ ಉಪಕರಣ ಇತ್ತು. ಅದು ನೀರಿನೊಳಗೆ ಶಬ್ದ ಕಳಿಸಿ, ಪ್ರತಿಧ್ವನಿ ಬರುತ್ತದೆಯೇ ಅಂತ ಕಿವಿಗೊಡುತ್ತದೆ. ನೀರಿನಡಿ ಸಬ್‌ಮರೀನ್ ಇದ್ದರೆ ಶಬ್ದ ಅದಕ್ಕೆ ಬಡಿದು ವಾಪಸ್ ಬರುತ್ತದೆ. ಈ ‘ನೀರಿನಡಿ’ ಎನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಇದೇ ಮುಖ್ಯವಾಗುತ್ತದೆ.

ಈ ಟ್ರಾಲರ್‌ಗಳ ಪಡೆಗೆ ರಾಯಲ್ ನೇವಲ್ ಪ್ಯಾಟ್ರೋಲ್ (ಗಸ್ತು) ಸರ್ವಿಸ್ ಅಂತ ಹೆಸರು. ಅದರ ಕೇಂದ್ರ ಇಂಗ್ಲೆಂಡಿನ ಲೋಸ್ಟಾಫ್ಟ್ ಊರಿನ ಒಂದು ಉದ್ಯಾನದಲ್ಲಿತ್ತು. ಆ ಜಾಗದ ಹೆಸರು ‘ಗುಬ್ಬಚ್ಚಿ ಗೂಡು’. ದೊಡ್ಡ ಯುದ್ಧನೌಕೆಗಳ ಶಿಸ್ತಿಗೆ ಹೋಲಿಸಿದರೆ ಇವರದು ಬೇರೆಯೇ ಲೋಕ. ಎಣ್ಣೆ ಮೆತ್ತಿದ ಸ್ವೆಟರ್, ಮೀನುಗಾರರ ಮಾತು. ಹ್ಯಾರಿ ಟೇಟ್ ಎಂಬ ಹಾಸ್ಯನಟನ ಹೆಸರು ಹಿಡಿದು ‘ಹ್ಯಾರಿ ಟೇಟನ ನೌಕಾಪಡೆ’ ಅಂತ ಬೇರೆಯವರು ಇವರನ್ನು ಆಡಿಕೊಳ್ಳುತ್ತಿದ್ದರು. ಅದೇ ಹೆಸರನ್ನು ಇವರು ಹೆಮ್ಮೆಯಿಂದ ಹೇಳಿಕೊಳ್ಳಲು ಶುರು ಮಾಡಿದರು. ಆಡಿಕೊಂಡವರಿಗೆ ಇವರು ಕೊಟ್ಟ ಉತ್ತರ ಕಡಿಮೆಯದೇನಲ್ಲ. 1940ರಲ್ಲಿ ಏಡನ್ ಹತ್ತಿರ ಮೂನ್‌ಸ್ಟೋನ್ ಎಂಬ ಟ್ರಾಲರ್, ಇಟಲಿಯ ಒಂದು ದೊಡ್ಡ ಸಬ್‌ಮರೀನನ್ನು ಶರಣಾಗಿಸಿತು. 1941ರ ಅಕ್ಟೋಬರಿನಲ್ಲಿ ಲೇಡಿ ಶರ್ಲಿ ಎಂಬ ಟ್ರಾಲರ್ ಅಟ್ಲಾಂಟಿಕ್‌ನಲ್ಲಿ ಯು-111 ಎಂಬ ಜರ್ಮನ್ ಸಬ್‌ಮರೀನನ್ನು ಮುಳುಗಿಸಿತು. ಎರಡೇ ತಿಂಗಳಲ್ಲಿ ಜಿಬ್ರಾಲ್ಟರ್ ಹತ್ತಿರ ಲೇಡಿ ಶರ್ಲಿಯೂ ತನ್ನ ಎಲ್ಲ ಜನರೊಂದಿಗೆ ಕಾಣೆಯಾಯಿತು.

ಬೆಡ್‌ಫರ್ಡ್‌ಶೈರ್‌ನ ಮೊದಲ ವರ್ಷಗಳಲ್ಲಿ ಅಂಥ ದೊಡ್ಡ ಘಟನೆ ಇಲ್ಲ. ಇಂಗ್ಲೆಂಡಿನ ನೈಋತ್ಯ ಕರಾವಳಿ, ಬ್ರಿಸ್ಟಲ್ ಕಾಲುವೆಯ ಕಡೆ ಕಾವಲು. ದಿನಾ ಅದೇ ನೀರು, ಅದೇ ಕಾವಲು.

ಅಟ್ಲಾಂಟಿಕ್ ದಾಟಿ

1941ರ ಡಿಸೆಂಬರಿನಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಘೋಷಿಸಿತು. ಜನವರಿಯಲ್ಲೇ ಜರ್ಮನ್ ಸಬ್‌ಮರೀನ್‌ಗಳು ಅಮೆರಿಕದ ಪೂರ್ವ ಕರಾವಳಿಗೆ ಬಂದವು. ಬಂದ ಕ್ಯಾಪ್ಟನ್‌ಗಳು ತಮ್ಮ ಕಣ್ಣನ್ನೇ ನಂಬಲಾಗದಂಥ ದೃಶ್ಯ ನೋಡಿದರು. ಕರಾವಳಿಯ ಊರುಗಳಲ್ಲಿ ದೀಪ ಝಗಮಗ ಉರಿಯುತ್ತಿದ್ದವು. ಆ ಬೆಳಕಿನ ಎದುರು ಎಣ್ಣೆ ಹಡಗುಗಳು ಕಪ್ಪು ಚಿತ್ರದಂತೆ ಕಾಣುತ್ತಿದ್ದವು. ಹಡಗುಗಳು ಒಂಟಿಯಾಗಿ, ಕಾವಲಿಲ್ಲದೆ, ಶಾಂತಿಕಾಲದಂತೆ ಓಡಾಡುತ್ತಿದ್ದವು. ಆಗಸ್ಟ್ ಹೊತ್ತಿಗೆ ಪೂರ್ವ ಕರಾವಳಿ, ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್ ಸೇರಿ ನೂರಾರು ಹಡಗುಗಳು ಹೋದವು. ಸಾವಿರಾರು ನಾವಿಕರು ಸತ್ತರು.

ಅದರಲ್ಲೂ ಕೇಪ್ ಹ್ಯಾಟೆರಸ್ ಸುತ್ತಮುತ್ತ ಅತಿ ಕೆಟ್ಟ ಜಾಗ. ನಾರ್ತ್ ಕೆರೊಲಿನಾದ ಹೊರಗಿನ ಮರಳು ದ್ವೀಪಗಳು ಅಲ್ಲಿ ಸಮುದ್ರದೊಳಕ್ಕೆ ಮೊಣಕೈಯಂತೆ ಚಾಚಿಕೊಂಡಿವೆ. ದಡದ ಹತ್ತಿರ ಮರಳು ದಿಬ್ಬಗಳು, ಆಚೆ ಗಲ್ಫ್ ಪ್ರವಾಹ ಎಂಬ ಬೆಚ್ಚಗಿನ ಸಮುದ್ರ ಪ್ರವಾಹ, ಅದರಾಚೆ ಸ್ವಲ್ಪದರಲ್ಲೇ ಆಳ ಸಮುದ್ರ. ದಕ್ಷಿಣದಿಂದ ಎಣ್ಣೆ ತರುವ ಹಡಗುಗಳೆಲ್ಲ ಈ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಸಬ್‌ಮರೀನ್‌ಗೆ ಅಡಗಲು ಆಳ ನೀರು ಹತ್ತಿರದಲ್ಲೇ ಇದೆ. ಹಡಗು ಹುಡುಕಿಕೊಂಡು ಅಲೆಯುವ ಕೆಲಸವೇ ಇಲ್ಲ, ಸುಮ್ನೆ ಕಾದು ಕೂತರೆ ಸಾಕು.

ಅಮೆರಿಕದ ನೌಕಾಪಡೆಯ ಹತ್ತಿರ ಆಗ ಕರಾವಳಿ ಕಾಯಲು ಬೇಕಾದ ಸಣ್ಣ ಹಡಗುಗಳು ತೀರಾ ಕಡಿಮೆ. ಬ್ರಿಟನ್ನಿಗೆ ಇದು ದೂರದ ಸಮಸ್ಯೆ ಆಗಿರಲಿಲ್ಲ. ಅಲ್ಲಿ ಮುಳುಗುತ್ತಿದ್ದ ಎಣ್ಣೆ ಬ್ರಿಟನ್ನಿಗೆ ಬರಬೇಕಾದ ಎಣ್ಣೆ. 1940ರಲ್ಲಿ ಅಮೆರಿಕ ಬ್ರಿಟನ್ನಿಗೆ 50 ಹಳೆಯ ಡಿಸ್ಟ್ರಾಯರ್ ಯುದ್ಧನೌಕೆಗಳನ್ನು ಕೊಟ್ಟಿತ್ತು. ಈಗ ಬ್ರಿಟನ್ನಿನ ಸರದಿ. ಸಬ್‌ಮರೀನ್ ಬೇಟೆಗೆ ಸಜ್ಜಾದ 24 ಟ್ರಾಲರ್‌ಗಳನ್ನು, ಅವುಗಳ ಜನರ ಸಮೇತ, ಎರವಲು ಕೊಡಲು ಒಪ್ಪಿತು. ಅದರಲ್ಲಿ ಬೆಡ್‌ಫರ್ಡ್‌ಶೈರ್ ಒಂದು.

ಮಾರ್ಚ್ ತಿಂಗಳ ಅಟ್ಲಾಂಟಿಕ್‌ನಲ್ಲಿ ಈ ಸಣ್ಣ ಹಡಗುಗಳು ಹೊರಟವು. ನಾರ್ದರ್ನ್ ಪ್ರಿನ್ಸೆಸ್ ಎಂಬುದು ದಾರಿಯಲ್ಲೇ ಟಾರ್ಪಿಡೊಗೆ ಬಲಿಯಾಯಿತು. ತಲುಪಿದವುಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ, ರಿಪೇರಿ ಬೇಕಿತ್ತು. ಹಿಮದ ನೀರಿಗೆ ಕಟ್ಟಿದ ಹಡಗು ಈಗ ಕೆರೊಲಿನಾದ ಬೆಚ್ಚಗಿನ ಸಮುದ್ರದಲ್ಲಿ ಓಡಬೇಕು. ಆ ಬಿಸಿಲಿನಲ್ಲಿ, ಉಕ್ಕಿನ ಹೊಟ್ಟೆಯೊಳಗೆ, ಒಲೆಗೆ ಕಲ್ಲಿದ್ದಲು ಎಸೆಯುವವನ ಪಾಡು ಯೋಚಿಸಿ ನೋಡಿ.

ಬೆಡ್‌ಫರ್ಡ್‌ಶೈರ್‌ನ ಕ್ಯಾಪ್ಟನ್ ಲೆಫ್ಟಿನೆಂಟ್ ಆರ್. ಬಿ. ಡೇವಿಸ್. ನೆಲೆ ಮೋರ್‌ಹೆಡ್ ಸಿಟಿ ಬಂದರು. ಕೆಲಸ ಹ್ಯಾಟೆರಸ್, ಕೇಪ್ ಲುಕ್‌ಔಟ್ ಸುತ್ತ ಕಾವಲು. ಏಪ್ರಿಲ್‌ನಲ್ಲಿ ಅಮೆರಿಕದವರು ಒಂದು ಅರ್ಧ ವ್ಯವಸ್ಥೆ ಶುರು ಮಾಡಿದ್ದರು. ಸರಕು ಹಡಗುಗಳು ಹಗಲಲ್ಲಿ ಮಾತ್ರ ಓಡಬೇಕು, ರಾತ್ರಿ ಕಾವಲಿರುವ ಜಾಗದಲ್ಲಿ ಲಂಗರು ಹಾಕಬೇಕು. ಆ ಕಾವಲಿಗೂ ಬ್ರಿಟಿಷ್ ಟ್ರಾಲರ್‌ಗಳು ಬೇಕಾದವು.

ಅದೇ ಏಪ್ರಿಲ್ 14ರಂದು ಅಮೆರಿಕದ ಡಿಸ್ಟ್ರಾಯರ್ ರೋಪರ್, ಯು-85 ಎಂಬ ಸಬ್‌ಮರೀನನ್ನು ಮುಳುಗಿಸಿತು. ಅದರಲ್ಲಿದ್ದವರೆಲ್ಲ ಸತ್ತರು. ಆ ಜಾಗದಲ್ಲಿ ನಡೆದ ಮುಂದಿನ ಕೆಲಸಕ್ಕೆ ಬೆಡ್‌ಫರ್ಡ್‌ಶೈರ್ ಕೂಡ ಹೋಗಿತ್ತು. 29 ಜರ್ಮನ್ ನಾವಿಕರ ದೇಹಗಳು ಸಿಕ್ಕವು. ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ರಾತ್ರಿ ಹೊತ್ತು, ಸೈನಿಕ ಗೌರವದೊಂದಿಗೆ, ಅವರನ್ನು ಮಣ್ಣು ಮಾಡಿದರು. ಶತ್ರುವಿನ ನಾವಿಕರು ಸತ್ತ ಆ ನೀರಿನಲ್ಲಿ ಕೆಲಸ ಮಾಡಿದ ಈ ಬ್ರಿಟಿಷ್ ಹುಡುಗರಿಗೆ ಆಗ ಉಳಿದಿದ್ದದ್ದು ಒಂದು ತಿಂಗಳೂ ಇಲ್ಲ.

ಬಾವುಟ ಕೊಟ್ಟವನು

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವ ಭಾಗ ಇದು.

ಏಕಾಕ್ ಬ್ರೌನ್ ಎಂಬುವರು ಆ ಕರಾವಳಿಯಲ್ಲಿ ಅಮೆರಿಕದ ನೌಕಾ ಗುಪ್ತಚರ ವಿಭಾಗಕ್ಕೆ ಕೆಲಸ ಮಾಡುತ್ತಿದ್ದರು. ಸೈನಿಕ ಅಲ್ಲ, ನಾಗರಿಕ ಅಧಿಕಾರಿ. ದಡಕ್ಕೆ ತೇಲಿಬರುವ ದೇಹಗಳು ಯಾರದು, ಯಾವ ಹಡಗಿನದು ಅಂತ ಪತ್ತೆ ಮಾಡುವುದು ಅವರ ಕೆಲಸದ ಒಂದು ಭಾಗ. ಎಂಥ ಕೆಲಸ! ಆ ವರ್ಷದ ವಸಂತದಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ಏಪ್ರಿಲ್ 10ರಂದು ಸ್ಯಾನ್ ಡೆಲ್ಫಿನೊ ಎಂಬ ಬ್ರಿಟಿಷ್ ಎಣ್ಣೆ ಹಡಗು ಹ್ಯಾಟೆರಸ್ ಆಚೆ ಮುಳುಗಿತು. ಬ್ರಿಟಿಷ್ ನಾವಿಕರ ದೇಹಗಳು ದಡಕ್ಕೆ ಬಂದವು. ಅವರನ್ನು ಮಣ್ಣು ಮಾಡುವಾಗ ಶವಪೆಟ್ಟಿಗೆಯ ಮೇಲೆ ಅವರ ದೇಶದ ಬಾವುಟ ಹೊದಿಸಬೇಕು ಅಂತ ಬ್ರೌನ್ ಅವರಿಗೆ ಅನಿಸಿತು. ನಾರ್ತ್ ಕೆರೊಲಿನಾದ ಮರಳು ದ್ವೀಪಗಳಲ್ಲಿ ಬ್ರಿಟನ್ನಿನ ಬಾವುಟ ಎಲ್ಲಿ ಸಿಗಬೇಕು?

ಮೋರ್‌ಹೆಡ್ ಸಿಟಿಯಲ್ಲಿ ಬ್ರಿಟಿಷ್ ಟ್ರಾಲರ್ ಇದೆ ಅಂತ ಅವರಿಗೆ ಗೊತ್ತಿತ್ತು. ಅಲ್ಲಿ ಬೆಡ್‌ಫರ್ಡ್‌ಶೈರ್‌ನ ಸಬ್-ಲೆಫ್ಟಿನೆಂಟ್ ಥಾಮಸ್ ಕನಿಂಗ್‌ಹ್ಯಾಮ್ ಅವರನ್ನು ಕಂಡರು. 27 ವರ್ಷದ ಅಧಿಕಾರಿ. ಊರಿನಲ್ಲಿ ಹೆಂಡತಿ ಬಸುರಿ. ಕನಿಂಗ್‌ಹ್ಯಾಮ್ ಬಾವುಟಗಳನ್ನು ಕೊಟ್ಟರು. ಇಬ್ಬರೂ ಕೂತು ಮಾತಾಡಿದರು. ಬಾವುಟಗಳು ಬೇಕಾದ ಕೆಲಸಕ್ಕೆ ಹೋದವು. ಎಲ್ಲವೂ ಖರ್ಚಾಗಲಿಲ್ಲ, ಬ್ರೌನ್ ಅವರ ಹತ್ತಿರ ಉಳಿಯಿತು.

ಮೇ 11

ಮೇ ತಿಂಗಳ ಎರಡನೇ ವಾರ. ಬೆಡ್‌ಫರ್ಡ್‌ಶೈರ್ ಮೋರ್‌ಹೆಡ್ ಸಿಟಿಯಿಂದ ಕಾವಲಿಗೆ ಹೊರಟಿತು. ಒಬ್ಬ ಸ್ಟೋಕರ್, ಅಂದರೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವನು, ಹಿಂದಿನ ರಾತ್ರಿ ಊರಲ್ಲಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದ. ಬಿಡಿಸಿಕೊಂಡು ಬರುವಷ್ಟರಲ್ಲಿ ಹಡಗು ಹೋಗಿತ್ತು. ಆ ಹಡಗಿನ ಜನರಲ್ಲಿ ಆ ಕಾರಣಕ್ಕೇ ಅವನೊಬ್ಬ ಉಳಿದ.

ಆ ಪ್ರದೇಶಕ್ಕೆ ಆಗ ಯು-558 ಎಂಬ ಜರ್ಮನ್ ಸಬ್‌ಮರೀನ್ ಬಂದಿತ್ತು. ಕ್ಯಾಪ್ಟನ್ ಗುಂಥರ್ ಕ್ರೆಕ್. ಬೆಡ್‌ಫರ್ಡ್‌ಶೈರ್ ಜೊತೆ ಸೇಂಟ್ ಲೋಮನ್ ಎಂಬ ಇನ್ನೊಂದು ಟ್ರಾಲರ್ ಕೂಡ ಆ ನೀರಿನಲ್ಲಿತ್ತು. ಕ್ರೆಕ್ ಅದರ ಮೇಲೂ ಕಣ್ಣು ಹಾಕಿದ್ದ, ಅದು ತಪ್ಪಿಸಿಕೊಂಡಿತು. ಮೇ 11ರ ರಾತ್ರಿ, ಕೇಪ್ ಲುಕ್‌ಔಟ್ ಆಚೆ, ಬೆಡ್‌ಫರ್ಡ್‌ಶೈರ್ ಅವನ ಕಣ್ಣಿಗೆ ಬಿತ್ತು. ಮೊದಲು ಬಿಟ್ಟದ್ದು ಗುರಿ ತಪ್ಪಿತು. ಹಡಗಿಗೆ ಅದು ಗೊತ್ತೇ ಆಗಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ ಅದರಿಂದ ಒಂದು ಸಂದೇಶವೂ ಹೊರಡಲಿಲ್ಲ. ಸ್ಥಳೀಯ ಗಡಿಯಾರದಲ್ಲಿ ರಾತ್ರಿ 11:40ರ ಹೊತ್ತಿಗೆ ಒಂದು ಟಾರ್ಪಿಡೊ ತಾಗಿತು. ಜರ್ಮನ್ ದಾಖಲೆಯಲ್ಲಿ ಅದು ಮೇ 12ರ ಬೆಳಗಿನ 5:40, ಅವರ ಗಡಿಯಾರ ತಮ್ಮ ದೇಶದ ಸಮಯದಲ್ಲಿ ಓಡುತ್ತಿತ್ತು. ಹಡಗು ತಕ್ಷಣ ಮುಳುಗಿತು.

ವೈರ್‌ಲೆಸ್‌ನಲ್ಲಿ ಒಂದು ಅಕ್ಷರ ಕಳಿಸಲೂ ಸಮಯ ಸಿಗಲಿಲ್ಲ. ದೋಣಿ ಇಳಿಸಲು ಆಗಲಿಲ್ಲ. ದಡದಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಕಾವಲಿಗೆ ಹೋದ ಹಡಗು ಶತ್ರುವಿಗೆ ಸುಳಿವು ಸಿಗಬಾರದು ಅಂತ ವೈರ್‌ಲೆಸ್ ಬಳಸದೆ ಇರುವುದು ಮಾಮೂಲು. ಮೌನ ಅಂದರೆ ಎಲ್ಲ ಸರಿಯಾಗಿದೆ ಅಂತಲೇ ಅರ್ಥ.

ಮೇ 14ರಂದು ಒಕ್ರಾಕೋಕ್ ದ್ವೀಪದ ದಡದಲ್ಲಿ ಗಸ್ತು ತಿರುಗುತ್ತಿದ್ದ ಕೋಸ್ಟ್ ಗಾರ್ಡ್‌ನವರಿಗೆ ಎರಡು ದೇಹ ಕಂಡವು. ಬ್ರೌನ್ ಅವರಿಗೆ ಹೇಳಿಕಳಿಸಿದರು. ಅವರು ಬಂದು ನೋಡಿದರು. ಒಬ್ಬರು ಥಾಮಸ್ ಕನಿಂಗ್‌ಹ್ಯಾಮ್. ಈಚೆಗಷ್ಟೇ ಬಾವುಟ ಕೊಟ್ಟವರು.

ಇನ್ನೊಬ್ಬರು ಸ್ಟ್ಯಾನ್ಲಿ ಕ್ರೇಗ್, 24 ವರ್ಷ. ಹಡಗಿನ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಟೆಲಿಗ್ರಾಫಿಸ್ಟ್. ಹಡಗಿನ ಸುದ್ದಿಯನ್ನು ದಡಕ್ಕೆ ಮುಟ್ಟಿಸುವುದು ಅವರ ಕೆಲಸ. ಆ ರಾತ್ರಿ ಯಂತ್ರದಿಂದ ಅದು ಆಗಲಿಲ್ಲ.

ದ್ವೀಪದ ಒಂದು ಕುಟುಂಬ ತಮ್ಮ ಮನೆತನದ ಸಮಾಧಿಗಳ ಪಕ್ಕದಲ್ಲೇ ಜಾಗ ಕೊಟ್ಟಿತು. ಬ್ರೌನ್ ಅವರ ಹತ್ತಿರ ಉಳಿದಿದ್ದ ಬಾವುಟವನ್ನು ಕನಿಂಗ್‌ಹ್ಯಾಮ್ ಅವರ ಪೆಟ್ಟಿಗೆಯ ಮೇಲೆಯೇ ಹೊದಿಸಿದರು. ಒಂದು ವಾರ ಕಳೆದು ಇನ್ನೂ ಎರಡು ದೇಹ ಸಿಕ್ಕವು. ಯಾರದು ಅಂತ ಗುರುತು ಹಿಡಿಯಲು ಆಗಲಿಲ್ಲ. ಅವರನ್ನೂ ಅಲ್ಲೇ, ಪಕ್ಕದಲ್ಲೇ ಮಲಗಿಸಿದರು. ಹೀಗೆ ಒಕ್ರಾಕೋಕ್‌ನಲ್ಲಿ ನಾಲ್ಕು ಸಮಾಧಿ ಆದವು.

ಎಲ್ಲಿ ತಪ್ಪಾಯಿತು

ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ವಿಧಿಯಾಟ ಅನಿಸುತ್ತದೆ. ಆದರೆ ಬೆಡ್‌ಫರ್ಡ್‌ಶೈರ್ ಮುಳುಗಿದ್ದಕ್ಕೆ ಕಾರಣಗಳಿವೆ, ಅವನ್ನು ನೋಡಬೇಕು.

ಮೊದಲನೆಯದು ವೇಗ. ಯು-558 ಒಂದು ಟೈಪ್ 7ಸಿ ಸಬ್‌ಮರೀನ್. ಆಗಿನ ಸಬ್‌ಮರೀನ್‌ಗಳು ಹೆಚ್ಚು ಹೊತ್ತು ನೀರಿನ ಮೇಲೆಯೇ ಓಡುತ್ತಿದ್ದವು. ಅಪಾಯ ಬಂದಾಗ, ಹಗಲು ಅಡಗಬೇಕಾದಾಗ ಮುಳುಗುತ್ತಿದ್ದವು. ನೀರಿನ ಮೇಲೆ ಅದರ ವೇಗ 17 ನಾಟ್, ಅಂದರೆ ಗಂಟೆಗೆ 31 ಕಿಲೋಮೀಟರ್. ಟ್ರಾಲರ್‌ನದು 12 ನಾಟ್ ಆಸುಪಾಸು. ಬೇಟೆಗಾರನಿಗಿಂತ ಬೇಟೆಯೇ ವೇಗವಾಗಿ ಓಡುತ್ತದೆ. ಅದಕ್ಕೆ ಬೇಕಾದಾಗ ಹಿಂದೆ ಬರಬಹುದು, ಬೇಕಾದ ಕಡೆಯಿಂದ ಬರಬಹುದು, ಬೇಡವಾದರೆ ಹೋಗಬಹುದು. ಯಾವಾಗ ಜಗಳ ಆಗಬೇಕು ಅಂತ ತೀರ್ಮಾನಿಸುವುದು ಯಾವಾಗಲೂ ಸಬ್‌ಮರೀನ್.

ಎರಡನೆಯದು ಆ ‘ನೀರಿನಡಿ’ ವಿಷಯ. ಆಸ್ಡಿಕ್ ನೀರಿನಡಿ ಇರುವುದನ್ನು ಕೇಳಿಸಿಕೊಳ್ಳುವ ಕಿವಿ. ರಾತ್ರಿ ಹೊತ್ತು ನೀರಿನ ಮೇಲೆ ತಗ್ಗಾಗಿ ತೇಲುತ್ತಾ ಬರುವ ಸಬ್‌ಮರೀನನ್ನು ಅದು ಹಿಡಿಯುವುದು ಬಹಳ ಕಷ್ಟ. ಆಗ ಮನುಷ್ಯರ ಕಣ್ಣೇ ಗತಿ. ಟ್ರಾಲರ್ ಎತ್ತರಕ್ಕೆ ಕಾಣುತ್ತದೆ, ಚಿಮಣಿಯಿಂದ ಕಲ್ಲಿದ್ದಲಿನ ಹೊಗೆ ಬರುತ್ತದೆ. ಸಬ್‌ಮರೀನ್‌ದು ಒಂದು ಸಣ್ಣ ಗೋಪುರ ಮಾತ್ರ ಕಾಣುತ್ತದೆ. ಕತ್ತಲಲ್ಲಿ ಮೊದಲು ಕಾಣುವುದು ಯಾರಿಗೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಮೂರನೆಯದನ್ನೇ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವುದು. ಈ ಹಡಗನ್ನು ಬಳಸಿದ ರೀತಿ. ಸಮುದ್ರದ ಒಂದು ತುಂಡು ಕೊಟ್ಟು, ಅಲ್ಲಿ ಸಬ್‌ಮರೀನ್ ಇದೆಯಂತೆ, ಹೋಗಿ ಹುಡುಕು ಅಂತ ಕಳಿಸುವುದು. ಕೇಳಲು ಇದು ಧೀರ ಕೆಲಸ. ಕಾದು ಕೂರುವುದಕ್ಕಿಂತ ಹುಡುಕಿ ಹೊಡೆಯುವುದು ಒಳ್ಳೆಯದು ಅಂತ ಯಾರಿಗೂ ಅನಿಸುತ್ತದೆ. ಆದರೆ ಸಮುದ್ರದಲ್ಲಿ ಅದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ, ಅದೂ ಸೂಜಿಯೇ ನಮ್ಮನ್ನು ಮೊದಲು ನೋಡುವಂಥ ಬಣವೆ. ಬ್ರಿಟಿಷರು ಎರಡೂವರೆ ವರ್ಷದ ನೋವಿನಿಂದ ಇದನ್ನು ಕಲಿತಿದ್ದರು. ಸರಕು ಹಡಗುಗಳನ್ನು ಕಾನ್ವಾಯ್ ಮಾಡಿ, ಅಂದರೆ ಗುಂಪು ಕಟ್ಟಿ, ಸುತ್ತ ಕಾವಲು ಹಡಗು ಹಾಕಿ ನಡೆಸಬೇಕು. ಆಗ ಸಬ್‌ಮರೀನನ್ನು ಹುಡುಕುವ ಕೆಲಸವೇ ಇಲ್ಲ. ಹಡಗು ಮುಳುಗಿಸಬೇಕಾದರೆ ಅದೇ ಕಾವಲಿನ ಹತ್ತಿರ ಬರಬೇಕು. ಬಂದಾಗ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಿಧಾನದ ಟ್ರಾಲರ್ ಕೂಡ ಆಗ ಉಪಯೋಗಕ್ಕೆ ಬರುತ್ತದೆ.

ಇದು ಬರೀ ವಾದವಲ್ಲ. ಅದೇ ಎರವಲು ಗುಂಪಿನಲ್ಲಿ ಬಂದ ಲೆ ಟೈಗರ್ ಎಂಬ ಟ್ರಾಲರ್ 1942ರ ಜುಲೈ 3ರಂದು ಒಂದು ಕಾನ್ವಾಯ್ ಕಾವಲಿನಲ್ಲಿತ್ತು. ಯು-215 ಬಂದು ಅಲೆಕ್ಸಾಂಡರ್ ಮೆಕೂಂಬ್ ಎಂಬ ಸರಕು ಹಡಗನ್ನು ಹೊಡೆಯಿತು. ಹೊಡೆದಿದ್ದರಿಂದಲೇ ಅದು ಎಲ್ಲಿದೆ ಅಂತ ಗೊತ್ತಾಯಿತು. ಲೆ ಟೈಗರ್ ಡೆಪ್ತ್ ಚಾರ್ಜ್ ಹಾಕಿ ಅದನ್ನು ಮುಳುಗಿಸಿತು. ಅಂಥದೇ ಹಡಗು, ಅಂಥವೇ ಆಯುಧ, ಅಂಥದೇ ಮೀನುಗಾರರ ಪಡೆ. ಬಳಸಿದ ರೀತಿ ಮಾತ್ರ ಬೇರೆ.

ಅಮೆರಿಕದ ನೌಕಾಪಡೆ ಪೂರ್ವ ಕರಾವಳಿಯಲ್ಲಿ ಪೂರ್ತಿ ಕಾನ್ವಾಯ್ ವ್ಯವಸ್ಥೆ ಶುರು ಮಾಡಿದ್ದು 1942ರ ಮೇ ಮಧ್ಯಭಾಗದಲ್ಲಿ. ಕನಿಂಗ್‌ಹ್ಯಾಮ್ ಮತ್ತು ಕ್ರೇಗ್ ದೇಹಗಳು ದಡ ಸೇರಿದ ಅದೇ ವಾರ. ಆಮೇಲೆ ಆ ಕರಾವಳಿಯಲ್ಲಿ ಹಡಗು ಮುಳುಗುವುದು ಬೇಗ ಬೇಗ ಕಡಿಮೆಯಾಯಿತು, ಸಬ್‌ಮರೀನ್‌ಗಳು ಮೆಕ್ಸಿಕೊ ಕೊಲ್ಲಿಗೂ ಕೆರಿಬಿಯನ್‌ಗೂ ಸರಿದವು. ಅಮೆರಿಕದವರ ಪರವಾಗಿ ಒಂದು ಮಾತು ಹೇಳಲೇಬೇಕು. ಕಾವಲಿಗೆ ಹಡಗೇ ಇಲ್ಲದೆ ಕಾನ್ವಾಯ್ ಕಟ್ಟಿದರೆ ಶತ್ರುವಿಗೆ ಗುಂಪಾಗಿ ಗುರಿ ಕೊಟ್ಟ ಹಾಗೆ ಅಂತ ಅವರು ಅಂದುಕೊಂಡಿದ್ದರು. ಅದು ಪೂರ್ತಿ ಹುರುಳಿಲ್ಲದ ಮಾತಲ್ಲ. ಕಾನ್ವಾಯ್ ಕಟ್ಟಲು ಬೇಕಾದ ಹಡಗುಗಳನ್ನು ಹೊಂದಿಸಿ ಕೊಟ್ಟವರಲ್ಲಿ ಈ ಟ್ರಾಲರ್‌ಗಳೂ ಇದ್ದವು.

ಹಾಗಾದರೆ ಬೆಡ್‌ಫರ್ಡ್‌ಶೈರ್ ಏನೂ ಸಾಧಿಸಲಿಲ್ಲವೇ? ನಾನು ಹಾಗೆ ಹೇಳಲಾರೆ. ಒಂದು ಟೈಪ್ 7ಸಿ ಸಬ್‌ಮರೀನ್ ಹೊತ್ತು ತರುವುದು ಹೆಚ್ಚೆಂದರೆ 14 ಟಾರ್ಪಿಡೊ. ಫ್ರಾನ್ಸ್‌ನಿಂದ ಅಟ್ಲಾಂಟಿಕ್ ದಾಟಿ ಬಂದ ಕ್ರೆಕ್ ಅವನ್ನು ಸಾವಿರಾರು ಟನ್ ಎಣ್ಣೆಯ ಹಡಗಿಗೆ ಉಳಿಸಿಕೊಳ್ಳಬಹುದಿತ್ತು. 443 ಟನ್ನಿನ ಟ್ರಾಲರ್ ಮೇಲೆ ಒಂದಕ್ಕಿಂತ ಹೆಚ್ಚು ಟಾರ್ಪಿಡೊ ಸುರಿದ. ಆ ಹಡಗು ಅಲ್ಲಿ ಇರುವುದು ಅವನಿಗೆ ಅಷ್ಟು ತೊಂದರೆ. ಕಾವಲು ಹಡಗು ಇದ್ದ ರಾತ್ರಿ ಸಬ್‌ಮರೀನ್ ಒಂದಷ್ಟು ಹೊತ್ತು ನೀರಿನಡಿ ಇರಬೇಕಾಗುತ್ತದೆ, ಎಚ್ಚರದಿಂದ ಇರಬೇಕಾಗುತ್ತದೆ. ಅಷ್ಟರಲ್ಲಿ ಯಾವುದೋ ಸರಕು ಹಡಗು ದಾಟಿ ಹೋಗುತ್ತದೆ. ಹಾಗೆ ದಾಟಿಹೋದ ಹಡಗುಗಳ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಆಮೇಲೆ

ಎರವಲು ಬಂದ ಟ್ರಾಲರ್‌ಗಳಲ್ಲಿ ಇನ್ನೂ ಎರಡು ಅದೇ ಬೇಸಿಗೆಯ ಹೊತ್ತಿಗೆ ಹೋದವು. ಸೆನೆಟರ್ ದುಅಮೆಲ್ ಎಂಬುದು ಮೇ ತಿಂಗಳಲ್ಲಿ ಅಮೆರಿಕದ ಡಿಸ್ಟ್ರಾಯರ್ ಒಂದಕ್ಕೆ ಡಿಕ್ಕಿಯಾಗಿ ಮುಳುಗಿತು. ಕಿಂಗ್‌ಸ್ಟನ್ ಸಿಲೊನೈಟ್ ಜೂನ್‌ನಲ್ಲಿ ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಜರ್ಮನ್ ಮೈನ್‌ಗೆ ಸಿಕ್ಕಿತು.

ಯು-558 ಒಂದು ವರ್ಷ ಎರಡು ತಿಂಗಳು ಬದುಕಿತು. 1943ರ ಜುಲೈ 20ರಂದು ಬಿಸ್ಕೆ ಕೊಲ್ಲಿಯಲ್ಲಿ ವಿಮಾನಗಳು ಅದನ್ನು ಮುಳುಗಿಸಿದವು. ಕ್ರೆಕ್ ಸೇರಿ ಐದು ಜನ ಮಾತ್ರ ಉಳಿದರು. ರಬ್ಬರ್ ದೋಣಿಯಲ್ಲಿ ತೇಲುತ್ತಿದ್ದ ಅವರನ್ನು ಕೆನಡಾದ ಯುದ್ಧನೌಕೆ ಅಥಬಾಸ್ಕನ್ ಎತ್ತಿಕೊಂಡಿತು.

ಬೆಡ್‌ಫರ್ಡ್‌ಶೈರ್‌ನ ಅವಶೇಷ 1980ರಲ್ಲಿ ಸಿಕ್ಕಿತು. ಕೇಪ್ ಲುಕ್‌ಔಟ್ ಆಚೆ, ಸುಮಾರು 100 ಅಡಿ ಆಳದಲ್ಲಿದೆ. ಅಮೆರಿಕದ ಸಾಗರ ಸಂಸ್ಥೆ ನೋವಾ 2009ರಲ್ಲಿ ಅದರ ಸರ್ವೆ ಮಾಡಿತು. 2015ರಲ್ಲಿ ಆ ದೇಶದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಅದು ಯುದ್ಧದಲ್ಲಿ ಸತ್ತವರ ಸಮಾಧಿ. ಡೈವಿಂಗ್‌ಗೆ ಹೋದವರು ಅದನ್ನು ಮುಟ್ಟದೆ ನೋಡಿ ಬರಬೇಕು.

ಒಕ್ರಾಕೋಕ್‌ನಲ್ಲಿ ಬಿಳಿ ಬೇಲಿಯೊಳಗೆ ನಾಲ್ಕು ಸಮಾಧಿ ಇವತ್ತೂ ಇವೆ. ಮೇಲೆ ಬ್ರಿಟನ್ನಿನ ಬಾವುಟ ಹಾರುತ್ತದೆ. ಜಾಗವನ್ನು ಕೋಸ್ಟ್ ಗಾರ್ಡ್‌ನವರು, ದ್ವೀಪದ ಜನರು ನೋಡಿಕೊಳ್ಳುತ್ತಾರೆ. ಪ್ರತಿ ಮೇ ತಿಂಗಳು, 11ನೇ ತಾರೀಖಿನ ಆಸುಪಾಸು, ಅಲ್ಲಿ ಸೇರುತ್ತಾರೆ. ಬ್ರಿಟನ್, ಕೆನಡಾ, ಅಮೆರಿಕದ ಸಮವಸ್ತ್ರದವರು ಬರುತ್ತಾರೆ. ಊರಿನವರು ಬರುತ್ತಾರೆ.

ಅಟ್ಲಾಂಟಿಕ್‌ನ ಈಚೆ ದಡದಲ್ಲಿ, ಲೋಸ್ಟಾಫ್ಟ್‌ನ ಬೆಲ್ ವ್ಯೂ ಪಾರ್ಕ್‌ನಲ್ಲಿ, ಪ್ಯಾಟ್ರೋಲ್ ಸರ್ವಿಸ್‌ನವರ ಸ್ಮಾರಕ ಇದೆ. ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 2,385 ಜನರ ಹೆಸರು ಅದರ ಮೇಲಿದೆ. ಬೆಡ್‌ಫರ್ಡ್‌ಶೈರ್‌ನ ಹೆಸರುಗಳೂ ಅಲ್ಲಿವೆ. ಒಕ್ರಾಕೋಕ್‌ನಲ್ಲಿ ಹೆಸರಿಲ್ಲದೆ ಮಲಗಿರುವ ಆ ಇಬ್ಬರ ಹೆಸರು ಆ ಪಟ್ಟಿಯಲ್ಲೇ ಎಲ್ಲೋ ಇದೆ.